ಇಬ್ಬರ ಪೋಕರ್, ಮನೆಯಲ್ಲೇ ಟೂರ್ನಿ: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ದೀಪಾವಳಿ ಹತ್ತಿರ ಬಂದಂತೆ ಇಸ್ಪೀಟಿನ ಪತ್ರಗಳು ಜಾಸ್ತಿಯಾಗುತ್ತವೆ. ಈ ಸಲ ಬಂದವುಗಳಲ್ಲಿ ಹೆಚ್ಚಿನವು ಹೆಡ್ಸ್-ಅಪ್ ಪೋಕರ್ ಬಗ್ಗೆ. ಟೇಬಲ್ಲಿಗೆ ಇಬ್ಬರೇ ಕೂತು, ಒಬ್ಬರ ಚಿಪ್ಸ್ ಪೂರ್ತಿ ಖಾಲಿಯಾಗುವವರೆಗೆ ಆಡುವ ಆಟ ಇದು. ಎಲ್ಲರೂ ಕೇಳಿರುವುದು ನೋ-ಲಿಮಿಟ್ ಟೆಕ್ಸಸ್ ಹೋಲ್ಡಮ್ ಬಗ್ಗೆಯೇ: ಕೈಯಲ್ಲಿ ಎರಡೆರಡು ಎಲೆ, ನಡುವೆ ಎಲ್ಲರಿಗೂ ಸೇರಿದ ಐದು ಎಲೆ, ಬೆಟ್ಟಿಗೆ ಮಿತಿಯಿಲ್ಲ. ಯಾವ ಕೈ ದೊಡ್ಡದು, ಚೆಕ್, ಕಾಲ್, ರೇಸ್ ಅಂದರೇನು ಎನ್ನುವಷ್ಟು ಗೊತ್ತಿದೆ ಎಂದುಕೊಂಡೇ ಉತ್ತರ ಬರೆದಿದ್ದೇವೆ.

ಪ್ರಶ್ನೆ: ನಾವು 11 ಜನ. ಶನಿವಾರ ಸಂಜೆ 5ರಿಂದ ರಾತ್ರಿ 10ರವರೆಗೆ ಮನೆ ಸಿಗುತ್ತದೆ. ಅಷ್ಟರೊಳಗೆ ಹೆಡ್ಸ್-ಅಪ್ ನಾಕೌಟ್ ಮುಗಿಸಬಹುದೇ? ಹನ್ನೊಂದು ಬೆಸ ಸಂಖ್ಯೆ, ಜೋಡಿ ಹೇಗೆ ಮಾಡುವುದು?
— ಜಯನಗರ, ಬೆಂಗಳೂರು

ಧಾರಾಳವಾಗಿ ಮುಗಿಸಬಹುದು. ಬೆಸ ಸಂಖ್ಯೆ ಇಲ್ಲಿ ತೊಂದರೆಯೇ ಅಲ್ಲ, 10 ಜನ ಇದ್ದಿದ್ದರೂ ಇದೇ ಸಮಸ್ಯೆ ಬರುತ್ತಿತ್ತು. ನಾಕೌಟ್ ಸರಾಗವಾಗಿ ಸಾಗುವುದು 4, 8, 16, 32 ಜನರಿಗೆ ಮಾತ್ರ. ನಿಮ್ಮ ಸಂಖ್ಯೆಗಿಂತ ದೊಡ್ಡದು 16. ಅದರಲ್ಲಿ 11 ಕಳೆದರೆ 5. ಆ ಐದು ಜನ ಮೊದಲ ಸುತ್ತು ಆಡದೆ ಮುಂದೆ ಹೋಗುತ್ತಾರೆ, ಅಂದರೆ ಅವರಿಗೆ ಬೈ. ಉಳಿದ ಆರು ಜನರಿಗೆ ಮೂರು ಪಂದ್ಯ. ಗೆದ್ದ ಮೂವರು ಬೈ ಸಿಕ್ಕ ಐವರ ಜೊತೆ ಸೇರಿದರೆ 8, ಅಲ್ಲಿಂದ ಮುಂದೆ ಲೆಕ್ಕ ತಾನೇ ಸರಿಹೋಗುತ್ತದೆ.

ಚೀಟಿ ಎತ್ತುವ ಬದಲು ಇಸ್ಪೀಟನ್ನೇ ಬಳಸಿ. ಒಂದೇ ಬಣ್ಣದ ಎಕ್ಕದಿಂದ ಗುಲಾಮನವರೆಗೆ ಸರಿಯಾಗಿ 11 ಎಲೆ. ಕಲಸಿ, ಒಬ್ಬೊಬ್ಬರು ಒಂದೊಂದು ಎತ್ತಲಿ. ಎಕ್ಕದಿಂದ 5ರವರೆಗೆ ಬಂದವರಿಗೆ ಬೈ. ಉಳಿದಂತೆ 6ಕ್ಕೆ ಗುಲಾಮ, 7ಕ್ಕೆ 10, 8ಕ್ಕೆ 9 ಎದುರಾಳಿ. ಎರಡನೇ ಸುತ್ತಿನಲ್ಲಿ 8-9ರಲ್ಲಿ ಗೆದ್ದವರಿಗೆ ಎಕ್ಕ, 7-10ರಲ್ಲಿ ಗೆದ್ದವರಿಗೆ 2, 6-ಗುಲಾಮನಲ್ಲಿ ಗೆದ್ದವರಿಗೆ 3. 4 ಮತ್ತು 5 ತಮ್ಮತಮ್ಮಲ್ಲೇ ಆಡುತ್ತಾರೆ. ಮೇಲಿನ ಅರ್ಧದಲ್ಲಿ ಎಕ್ಕದ ಪಂದ್ಯ ಮತ್ತು 4-5ರ ಪಂದ್ಯ, ಕೆಳಗಿನ ಅರ್ಧದಲ್ಲಿ ಉಳಿದ ಎರಡು. ಇಡೀ ನಕ್ಷೆಯನ್ನು ದೊಡ್ಡ ಹಾಳೆಯಲ್ಲಿ ಬರೆದು ಆಟಕ್ಕೆ ಮುಂಚೆಯೇ ಗೋಡೆಗೆ ಅಂಟಿಸಿ. ಸುತ್ತು ಮುಗಿದ ಮೇಲೆ "ಈಗ ಯಾರಿಗೆ ಯಾರು?" ಅಂತ ಕೂತರೆ ಅಲ್ಲೇ ಕಾಲು ಗಂಟೆ ಹೋಗುತ್ತದೆ, ಜೊತೆಗೆ ಅನುಮಾನ ಬೇರೆ.

ನಾಕೌಟಿನಲ್ಲಿ ಒಟ್ಟು ಪಂದ್ಯ ಯಾವಾಗಲೂ ಜನರಿಗಿಂತ ಒಂದು ಕಡಿಮೆ. ಪ್ರತಿ ಪಂದ್ಯಕ್ಕೂ ಒಬ್ಬರು ಮನೆಗೆ, ಕೊನೆಗೆ ಉಳಿಯುವವರು ಒಬ್ಬರು. ನಿಮ್ಮದು 3, 4, 2, 1, ಒಟ್ಟು 10 ಪಂದ್ಯ. ಆದರೆ ಸಮಯಕ್ಕೆ ಲೆಕ್ಕ ಹಾಕಬೇಕಾದ್ದು ಪಂದ್ಯಗಳನ್ನಲ್ಲ, ಸುತ್ತುಗಳನ್ನು. ನಾಲ್ಕು ಸುತ್ತು, ಸುತ್ತಿಗೆ 50 ನಿಮಿಷ, ನಡುವೆ ಮೂರು ಸಲ 10 ನಿಮಿಷ ಬಿಡುವು ಎಂದರೆ 230 ನಿಮಿಷ. ಐದಕ್ಕೆ ಶುರುವಾದರೆ ಒಂಬತ್ತಕ್ಕೆ ಹತ್ತು ನಿಮಿಷ ಇರುವಾಗ ಫೈನಲ್ ಮುಗಿದಿರುತ್ತದೆ. ಉಳಿದ ಗಂಟೆ ತಡವಾಗಿ ಬರುವವರಿಗೆ ಮೀಸಲು. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಅದು ಖಂಡಿತ ಬೇಕಾಗುತ್ತದೆ.

ಬೈ ಸಿಕ್ಕ ಐವರನ್ನು ಸೋಫಾದಲ್ಲಿ ಕೂರಿಸಬೇಡಿ. ಮೂವರು ಮೂರು ಟೇಬಲ್ಲಿನಲ್ಲಿ ಎಲೆ ಹಂಚಲಿ, ಒಬ್ಬರು ಗಡಿಯಾರ ನೋಡಿಕೊಳ್ಳಲಿ, ಇನ್ನೊಬ್ಬರನ್ನು ಅಡುಗೆಮನೆಗೆ ಕಳಿಸಿ. ಮೊದಲ ಸುತ್ತಿನಲ್ಲಿ ಆಡದವರು ಹಂಚಿದರೆ ಆಟ ಚುರುಕಾಗುತ್ತದೆ, ಜಗಳವೂ ಕಡಿಮೆ.

ಪ್ರಶ್ನೆ: ಕಳೆದ ಸಲ ತಲೆಗೆ 10,000 ಚಿಪ್ಸ್ ಕೊಟ್ಟು, 25/50 ಬ್ಲೈಂಡಿನಿಂದ (ಎಲೆ ನೋಡುವ ಮುಂಚೆ ಕಡ್ಡಾಯವಾಗಿ ಕಟ್ಟುವ ಚಿಪ್ಸ್: ಒಬ್ಬರದು 25ರ ಸ್ಮಾಲ್ ಬ್ಲೈಂಡ್, ಇನ್ನೊಬ್ಬರದು 50ರ ಬಿಗ್ ಬ್ಲೈಂಡ್) ಶುರುಮಾಡಿ ಅರ್ಧ ಗಂಟೆಗೊಮ್ಮೆ ಏರಿಸಿದೆವು. ಒಂದು ಪಂದ್ಯ ಬೇಗ ಮುಗಿಯಿತು, ಪಕ್ಕದ ಟೇಬಲ್ಲಿನದು ಮೂರು ಗಂಟೆ ಎಳೆಯಿತು. ಎಷ್ಟು ಚಿಪ್ಸ್, ಎಷ್ಟು ಬ್ಲೈಂಡ್ ಇಡಬೇಕು?
— ಮೈಸೂರು

ಮನೆ ಟೂರ್ನಿಗಳು ಹಾಳಾಗುವುದು ಹೆಚ್ಚಾಗಿ ಇಲ್ಲೇ. ಎಲೆ, ಟೇಬಲ್, ಆಟಗಾರರು ಎಲ್ಲ ಸರಿಯಿದ್ದು ಈ ಲೆಕ್ಕವೊಂದು ತಪ್ಪಿರುತ್ತದೆ.

ನೋಡಬೇಕಾದ್ದು ಚಿಪ್ಸಿನ ಮೊತ್ತವನ್ನಲ್ಲ, ಟೇಬಲ್ ಮೇಲೆ ಎಷ್ಟು ಬಿಗ್ ಬ್ಲೈಂಡ್ ಇದೆ ಎನ್ನುವುದನ್ನು. ನಿಮ್ಮ ಟೇಬಲ್ಲಿನಲ್ಲಿ ಇಬ್ಬರದೂ ಸೇರಿ 20,000, ಬಿಗ್ ಬ್ಲೈಂಡ್ 50, ಅಂದರೆ 400 ಬಿಗ್ ಬ್ಲೈಂಡ್. ಇಬ್ಬರ ಆಟದಲ್ಲಿ ಟೇಬಲ್ಲಿನ ಒಟ್ಟು ಚಿಪ್ಸ್ 15-20 ಬಿಗ್ ಬ್ಲೈಂಡಿಗೆ ಇಳಿದಾಗ ಪಂದ್ಯ ತನ್ನಷ್ಟಕ್ಕೇ ಮುಗಿಯುತ್ತದೆ. ಆಗ ಸುಮಾರಾದ ಎಲೆ ಬಂದರೂ ಆಲ್-ಇನ್ ಹೋಗದೆ, ಅಂದರೆ ಇರುವ ಚಿಪ್ಸನ್ನೆಲ್ಲ ಪಣಕ್ಕಿಡದೆ, ಬೇರೆ ದಾರಿ ಇರುವುದಿಲ್ಲ. ನಿಮ್ಮಲ್ಲಿ ಆ ಹಂತಕ್ಕೆ ಬಿಗ್ ಬ್ಲೈಂಡ್ 1,000 ಮುಟ್ಟಬೇಕಿತ್ತು. ಅರ್ಧ ಗಂಟೆಗೊಂದು ಮೆಟ್ಟಿಲು ಹತ್ತಿದರೆ ಮೂರು ಗಂಟೆ ಆಗದೆ ಇನ್ನೇನಾದೀತು!

ನಮ್ಮ ಸಲಹೆ: ತಲೆಗೆ 3,000. ಅದರಲ್ಲಿ 25ರ ಚಿಪ್ 8, 100ರದು 8, 500ರದು 4. ಒಟ್ಟು 20 ಚಿಪ್. ಬ್ಲೈಂಡ್ ಮೆಟ್ಟಿಲು 25/50, 50/100, 75/150, 100/200, 150/300, 200/400, 300/600, 500/1,000. ಒಂದೊಂದು ಮೆಟ್ಟಿಲಿಗೆ 8 ನಿಮಿಷ. ಐದನೇ ಮೆಟ್ಟಿಲಿನಲ್ಲಿ ಟೇಬಲ್ ಮೇಲೆ 20 ಬಿಗ್ ಬ್ಲೈಂಡ್, ಆರನೆಯದರಲ್ಲಿ 15. ಆರನೆಯದು ಮುಗಿಯುವುದು 48ನೇ ನಿಮಿಷಕ್ಕೆ, ಅಷ್ಟರಲ್ಲಿ ಹೆಚ್ಚಿನ ಪಂದ್ಯಗಳು ಮುಗಿದಿರುತ್ತವೆ. ಅಪರೂಪಕ್ಕೊಂದು ಏಳನೆಯದಕ್ಕೆ ಹೋಗಬಹುದು. ಬಿಡುವಿನ ಹತ್ತು ನಿಮಿಷ ಅದನ್ನು ನುಂಗುತ್ತದೆ. ಫೈನಲ್ಲಿಗೆ ಮಾತ್ರ 10 ಅಥವಾ 12 ನಿಮಿಷದ ಮೆಟ್ಟಿಲು ಇಡಿ.

ಅರ್ಧ ಗಂಟೆಯ ಮೆಟ್ಟಿಲು ದೊಡ್ಡ ಟೇಬಲ್ಲಿನ ಅಭ್ಯಾಸ. ಒಂಬತ್ತು ಜನ ಕೂತಾಗ ಒಬ್ಬರು ಒಂಬತ್ತು ಕೈಗೊಮ್ಮೆ ಒಂದೂವರೆ ಬಿಗ್ ಬ್ಲೈಂಡ್ ಕಟ್ಟುತ್ತಾರೆ. ಇಬ್ಬರೇ ಇದ್ದರೆ ಅದೇ ಒಂದೂವರೆಯನ್ನು ಎರಡು ಕೈಗೊಮ್ಮೆ ಕಟ್ಟಬೇಕು. ಅದಕ್ಕೇ ಸಣ್ಣ ಮೆಟ್ಟಿಲೂ ಇಲ್ಲಿ ಅವಸರ ಅನ್ನಿಸುವುದಿಲ್ಲ.

ಗೆದ್ದವರು 6,000 ಚಿಪ್ಸನ್ನೂ ಹೊತ್ತುಕೊಂಡು ಮುಂದಿನ ಸುತ್ತಿಗೆ ಹೋಗಬೇಕೇ ಎಂದೂ ಕೇಳಿದ್ದೀರಿ. ಬೇಡ. ಬೈ ಸಿಕ್ಕವರ ಹತ್ತಿರ 3,000 ಮಾತ್ರ ಇರುತ್ತದೆ. ಪ್ರತಿ ಸುತ್ತಿಗೂ ಎಲ್ಲರೂ 3,000ದಿಂದ, 25/50ರಿಂದ ಹೊಸದಾಗಿ ಶುರುಮಾಡಲಿ.

ಇನ್ನೊಂದು ಎಡವಟ್ಟು 25ರ ಚಿಪ್ಪಿನದು. 75/150 ಮುಗಿದ ತಕ್ಷಣ "ಇನ್ನು ಇದು ಬೇಡ" ಅಂತ ಎತ್ತಿಡುತ್ತಾರೆ. ಎರಡು ಮೆಟ್ಟಿಲು ಕಳೆದು 150/300 ಬಂದಾಗ 150 ಕಟ್ಟಲು ಚಿಲ್ಲರೆ ಇರುವುದಿಲ್ಲ. ಎತ್ತಬೇಕಾದ್ದು 200/400 ಶುರುವಾಗುವಾಗ. ಟೇಬಲ್ಲಿನಲ್ಲಿ 25ರವು ಒಟ್ಟು 16 ಇರುತ್ತವೆ, ನಾಲ್ಕಕ್ಕೊಂದರಂತೆ 100ರ ಚಿಪ್ ಕೊಡಿ. ಒಬ್ಬರ ಹತ್ತಿರ 7, ಇನ್ನೊಬ್ಬರ ಹತ್ತಿರ 9 ಇದೆ ಎನ್ನಿ. ಮೊದಲಿನವರಿಗೆ ಒಂದು ನೂರು ಹೋಗಿ ಮೂರು ಉಳಿಯಿತು, ಎರಡನೆಯವರಿಗೆ ಎರಡು ನೂರು ಹೋಗಿ ಒಂದು ಉಳಿಯಿತು. ಮೂರು ಉಳಿದವರಿಗೆ ಕೊನೆಯ ನೂರು. ಒಟ್ಟು 16 ಇರುವುದರಿಂದ ಶೇಷ ಬಂದರೆ 3-1 ಅಥವಾ 2-2 ಮಾತ್ರ. 2-2 ಆದರೆ ಒಂದೊಂದು ಎಲೆ ಎತ್ತಿ, ದೊಡ್ಡದು ಬಂದವರಿಗೆ ಕೊಡಿ. ಇದಕ್ಕಾಗಿ ಟೇಬಲ್ಲಿಗೆ ನಾಲ್ಕು 100ರ ಚಿಪ್ ಬೇರೆ ತೆಗೆದಿಟ್ಟಿರಬೇಕು.

ನಾಲ್ಕು ಟೇಬಲ್ ಒಟ್ಟಿಗೆ ನಡೆದರೆ 25ರವು 64, 100ರವು 80, 500ರವು 32 ಬೇಕು. 300 ಚಿಪ್ಪಿನ ಪೆಟ್ಟಿಗೆ ಸಾಕು ಅನ್ನಿಸುತ್ತದೆ, ಆದರೆ ಪೆಟ್ಟಿಗೆಯಲ್ಲಿ ಯಾವ ಬಣ್ಣ ಎಷ್ಟಿದೆ ಎಂದು ಎಣಿಸಿ ಕೊಳ್ಳಿ. ಎಲ್ಲ ಬಣ್ಣವೂ 50-50 ಇದ್ದರೆ ನಿಮಗೆ ಸಾಲದು. ಚಿಪ್ಸ್ ಬದಲು ಹುಣಸೆಬೀಜ, ಕಡಲೆಕಾಳು ಇಡುವ ಯೋಚನೆ ಬೇಡ. ಅದೇ ಬೀಜದ ಡಬ್ಬಿ ಅಡುಗೆಮನೆಯಲ್ಲಿರುವವರೆಗೆ ಅದು ಮನೆಯಲ್ಲೇ ನೋಟು ಅಚ್ಚು ಹಾಕಿದ ಹಾಗೆ.

ಪ್ರಶ್ನೆ: ಮೊದಲ ಸುತ್ತಿನಲ್ಲೇ ಸೋತವರು ಮೊಬೈಲ್ ನೋಡುತ್ತಾ ಕೂರುತ್ತಾರೆ, ಇಲ್ಲವೇ ಎದ್ದು ಹೊರಡುತ್ತಾರೆ. ಎರಡು ಸಲ ಸೋತರೆ ಮಾತ್ರ ಹೊರಗೆ ಎನ್ನುವ ಪದ್ಧತಿ ಮಾಡಬಹುದೇ? ನಾವು 8 ಜನ.
— ಹುಬ್ಬಳ್ಳಿ

ಮಾಡಬಹುದು, ಆದರೆ ಒಂದು ಸಂಜೆಗೆ ಅದು ಹೊರೆ. ಎಂಟು ಜನರ ಡಬಲ್ ಎಲಿಮಿನೇಷನ್ನಿಗೆ 14 ಪಂದ್ಯ, ಸೋಲದೆ ಬಂದವರು ಫೈನಲ್ಲಿನಲ್ಲಿ ಸೋತರೆ ಇನ್ನೊಂದು. ನಾಲ್ಕು ಟೇಬಲ್ ಇದ್ದರೂ ಆರು ಸುತ್ತಿಗಿಂತ ಕಡಿಮೆಯಲ್ಲಿ ಮುಗಿಯುವುದಿಲ್ಲ. ಮೊದಲ ಸುತ್ತಿನಲ್ಲಿ 4 ಪಂದ್ಯ, ಎರಡನೆಯದರಲ್ಲಿ 4, ಮೂರನೆಯದರಲ್ಲಿ 3, ಆಮೇಲೆ ಒಂದೊಂದೇ. ಕೊನೆಯ ಮೂರು ಗಂಟೆ ಇಬ್ಬರು ಆಡುತ್ತಾರೆ, ಆರು ಜನ ನೋಡುತ್ತಾರೆ. ಯಾವ ಕಾಯಿಲೆಗೆ ಔಷಧ ಹುಡುಕಿದಿರೋ ಅದೇ ಕಾಯಿಲೆ ಬೇರೆ ಹೊತ್ತಿಗೆ ಬಂತು.

ಸರಿಯಾಗಿ 8 ಜನ ಇರುವ ನಿಮಗೆ ಚೆಸ್ ಟೂರ್ನಿಗಳ ಸ್ವಿಸ್ ಪದ್ಧತಿ ಹೇಳಿ ಮಾಡಿಸಿದ್ದು. ಯಾರೂ ಹೊರಗೆ ಹೋಗುವುದಿಲ್ಲ. ಮೊದಲ ಸುತ್ತಿನ ನಂತರ ಗೆದ್ದವರಿಗೆ ಗೆದ್ದವರು, ಸೋತವರಿಗೆ ಸೋತವರು. ಮೂರನೇ ಸುತ್ತಿನಲ್ಲಿ ಎರಡೂ ಗೆದ್ದ ಇಬ್ಬರು ಎದುರುಬದುರು, ಒಂದೊಂದು ಗೆದ್ದ ನಾಲ್ವರು ತಮ್ಮಲ್ಲಿ, ಎರಡೂ ಸೋತ ಇಬ್ಬರು ತಮ್ಮಲ್ಲಿ. ಕೊನೆಗೆ ಮೂರಕ್ಕೆ ಮೂರು ಗೆದ್ದವರು ಒಬ್ಬರೇ ಇರುತ್ತಾರೆ, ಅವರೇ ವಿಜೇತರು. ಎರಡು ಗೆದ್ದವರು ಮೂವರು, ಒಂದು ಗೆದ್ದವರು ಮೂವರು, ಮೂರೂ ಸೋತವರು ಒಬ್ಬರು. ಎರಡನೇ ಸ್ಥಾನ ಮೂರನೇ ಸುತ್ತಿನಲ್ಲಿ ವಿಜೇತರಿಗೆ ಸೋತವರದ್ದು. ನಾಕೌಟಿಗೆ ಹಿಡಿಯುವಷ್ಟೇ ಹೊತ್ತು, ಆದರೆ ಎಲ್ಲರಿಗೂ ಮೂರು ಪಂದ್ಯ. ಕೊನೆಯವರೆಗೂ ನಾಲ್ಕು ಟೇಬಲ್ ಬೇಕು ಅನ್ನುವುದೊಂದೇ ಖರ್ಚು. 16 ಜನರಿಗೂ ಇದೇ, ನಾಲ್ಕು ಸುತ್ತು. ಒಬ್ಬರು ನಡುವೆ ಎದ್ದುಹೋದರೆ ಮಾತ್ರ ಇಡೀ ಲೆಕ್ಕ ಕೆಡುತ್ತದೆ, ಹಾಗಾಗಿ ಕೊನೆಯವರೆಗೆ ಇರುವವರನ್ನೇ ಸೇರಿಸಿಕೊಳ್ಳಿ.

ಆರು ಜನರಾದರೆ ಲೀಗ್ ಮೇಲು: 15 ಪಂದ್ಯ, ಮೂರು ಟೇಬಲ್, ಐದು ಸುತ್ತು. ತಲೆಗೆ 1,500 ಚಿಪ್ಸ್ ಕೊಟ್ಟು, ಐದು ನಿಮಿಷದ ಮೆಟ್ಟಿಲು ಇಟ್ಟರೆ ಸುತ್ತಿಗೆ ಅರ್ಧ ಗಂಟೆ ಸಾಕು. ಉಳಿದ ಸಂಖ್ಯೆಗಳಿಗೆ ನಾಕೌಟೇ ಇರಲಿ. ಸೋತವರಿಗೆ ಪಕ್ಕದಲ್ಲಿ ಒಂದು ದೊಡ್ಡ ಟೇಬಲ್ ಹಾಕಿ, ಬಂದವರು ಬಂದಂತೆ ಹೊಸ ಚಿಪ್ಸ್ ತೆಗೆದುಕೊಂಡು ಮಾಮೂಲಿ ಪೋಕರ್ ಆಡಲಿ.

ಪ್ರಶ್ನೆ: ಇಬ್ಬರೇ ಇದ್ದಾಗ ಸ್ಮಾಲ್ ಬ್ಲೈಂಡ್ ಕಟ್ಟುವವರು ಯಾರು? ಡೀಲರಿನ ಎಡಗಡೆಯವರು ಅಂತ ನಾನು, ಡೀಲರೇ ಅಂತ ನನ್ನ ತಮ್ಮ.
— ಶಿವಮೊಗ್ಗ

ತಮ್ಮನೇ ಸರಿ. ಹೆಡ್ಸ್-ಅಪ್‌ನಲ್ಲಿ ಡೀಲರ್ ಯಾರೆಂದು ತೋರಿಸುವ ಬಟನ್ ಯಾರ ಮುಂದಿದೆಯೋ ಅವರೇ ಸ್ಮಾಲ್ ಬ್ಲೈಂಡ್, ಎದುರಿನವರು ಬಿಗ್ ಬ್ಲೈಂಡ್. ಮೊದಲ ಎಲೆ ಬಿಗ್ ಬ್ಲೈಂಡಿಗೆ, ಕೊನೆಯ ಎಲೆ ಬಟನ್ನಿಗೆ. ಫ್ಲಾಪಿಗೆ (ನಡುವೆ ಬಿಚ್ಚುವ ಮೊದಲ ಮೂರು ಎಲೆ) ಮುಂಚೆ ಮಾತನಾಡುವ ಸರದಿ ಮೊದಲು ಬಟನ್ನಿನವರದು. ಫ್ಲಾಪ್, ಟರ್ನ್ (ನಾಲ್ಕನೇ ಎಲೆ), ರಿವರ್ (ಐದನೇ ಎಲೆ) ಮೂರರಲ್ಲೂ ಅವರದು ಕೊನೆಯ ಸರದಿ. 2001ರಲ್ಲಿ ಶುರುವಾದ ಪೋಕರ್ ಟೂರ್ನಮೆಂಟ್ ಡೈರೆಕ್ಟರ್ಸ್ ಅಸೋಸಿಯೇಷನ್ನಿನ ನಿಯಮಪುಸ್ತಕದಲ್ಲೂ ಹೀಗೇ ಇದೆ.

ಕಾರಣ ಸುಲಭ. ನೀವು ಹೇಳಿದಂತೆ ಎದುರಿನವರು ಸ್ಮಾಲ್ ಬ್ಲೈಂಡ್ ಕಟ್ಟಿದರೆ ಬಟನ್ನಿನವರು ಬಿಗ್ ಬ್ಲೈಂಡ್ ಆಗಿ ಬೆಟ್ಟಿಂಗಿನ ನಾಲ್ಕೂ ಸುತ್ತಿನಲ್ಲಿ ಕೊನೆಯ ಸರದಿ ಪಡೆಯುತ್ತಾರೆ. ಎದುರಾಳಿ ಏನು ಮಾಡಿದರೆಂದು ನೋಡಿ ಆಡುವುದೇ ಪೋಕರ್‌ನಲ್ಲಿ ದೊಡ್ಡ ಅನುಕೂಲ. ಅದು ನಾಲ್ಕಕ್ಕೆ ನಾಲ್ಕೂ ಒಬ್ಬರಿಗೇ ಹೋಗಬಾರದು.

ಮೊದಲ ಬಟನ್ ಯಾರದೆಂದು ಎಲೆ ಎತ್ತಿ ನಿರ್ಧರಿಸಿ, ದೊಡ್ಡದು ಬಂದವರದು. ಸಮ ಬಂದರೆ ಇಸ್ಪೀಟು, ಆಟೀನು, ಡೈಮಂಡ್, ಕ್ಲಾವರ್ ಈ ಕ್ರಮದಲ್ಲಿ ಮೇಲು. ಸೋತವರ ಟೇಬಲ್ಲಿನಲ್ಲಿ ಮೂವರಿದ್ದು ಇಬ್ಬರಾದಾಗ ಯಾರೂ ಸತತ ಎರಡು ಸಲ ಬಿಗ್ ಬ್ಲೈಂಡ್ ಕಟ್ಟದಂತೆ ಬಟನ್ ಸರಿಸಿಕೊಳ್ಳಿ.

ಪ್ರಶ್ನೆ: ಎಲೆ ಕಲಸುವುದು, ಹಂಚುವುದು ಯಾರು? ಇಬ್ಬರೇ ಇರುವಾಗ ಅನುಮಾನ ಜಾಸ್ತಿ. ಫ್ಲಾಪ್ ಮೊದಲೇ ಬಿಚ್ಚಿಬಿಟ್ಟರೆ, ಎಲೆ ಕಂಡುಬಿಟ್ಟರೆ ಏನು ಮಾಡಬೇಕು?
— ಮಂಗಳೂರು

ಟೇಬಲ್ಲಿಗೆ ಎರಡು ಪ್ಯಾಕ್, ಬೆನ್ನಿನ ಬಣ್ಣ ಬೇರೆಬೇರೆ. ಬಟನ್ನಿನವರು ಒಂದನ್ನು ಹಂಚಿ ಆಡಿಸುವಾಗ, ಕೈ ಮುಗಿಯುವ ಹೊತ್ತಿಗೆ ಎದುರಿನವರು ಇನ್ನೊಂದನ್ನು ಕಲಸಿ ಇಟ್ಟಿರುತ್ತಾರೆ. ಕಲಸಿದವರು ಕಟ್ ಮಾಡುವಂತಿಲ್ಲ. ಒಬ್ಬರು ಕಲಸಿದರೆ ಇನ್ನೊಬ್ಬರು ಕಟ್. ಕಟ್ ಆದ ಮೇಲೆ ಪ್ಯಾಕಿನ ಅಡಿಗೆ ಜೋಕರ್ ಎಲೆಯನ್ನೋ ದಪ್ಪ ರಟ್ಟನ್ನೋ ಇಡಿ. ಹಂಚುವಾಗ ಕೈ ಸ್ವಲ್ಪ ವಾಲಿದರೂ ಕೆಳಗಿನ ಎಲೆ ಎದುರಿನವರಿಗೆ ಕಾಣುತ್ತದೆ, ಎಷ್ಟೋ ಅನುಮಾನಗಳ ಮೂಲ ಅದೇ.

ಕಲಸುವ ಬಗ್ಗೆ ಒಂದು ಮಾತು. ನಮ್ಮಲ್ಲಿ ಹೆಚ್ಚಿನವರು ಪ್ಯಾಕನ್ನು ಎಡಗೈಯಲ್ಲಿ ಹಿಡಿದು ಬಲಗೈಯಿಂದ ಸಣ್ಣಸಣ್ಣ ಕಂತೆ ಎಳೆದು ಮುಂದೆ ಹಾಕುತ್ತಾರೆ. ರಮ್ಮಿಗೆ ನಡೆಯುತ್ತದೆ. ಆದರೆ ಇದರಲ್ಲಿ ಅಕ್ಕಪಕ್ಕದ ಎಲೆಗಳು ಅಕ್ಕಪಕ್ಕದಲ್ಲೇ ಉಳಿಯುತ್ತವೆ, ನೂರು ಸಲ ಮಾಡಿದರೂ ಸರಿಯಾಗಿ ಬೆರೆಯುವುದಿಲ್ಲ. ಪ್ಯಾಕನ್ನು ಎರಡು ಭಾಗ ಮಾಡಿ ಮೂಲೆಗಳನ್ನು ಬಾಗಿಸಿ ಒಂದರೊಳಗೊಂದು ಸೇರಿಸುವ ರಿಫಲ್‌ಗೆ ಏಳು ಸಲ ಸಾಕು ಎಂದು 1992ರಲ್ಲಿ ಡೇವ್ ಬೇಯರ್ ಮತ್ತು ಪರ್ಸಿ ಡಯಕೋನಿಸ್ ಎಂಬ ಗಣಿತಜ್ಞರು ತೋರಿಸಿದರು. ಎರಡು ಪ್ಯಾಕ್ ಇದ್ದರೆ ಏಳು ಸಲಕ್ಕೆ ಬೇಕಾದಷ್ಟು ಹೊತ್ತು ಸಿಗುತ್ತದೆ. ರಿಫಲ್ ಬರದವರು ಎಲೆಗಳನ್ನೆಲ್ಲ ಮುಖ ಕೆಳಗೆ ಮಾಡಿ ಟೇಬಲ್ ಮೇಲೆ ಹರಡಿ, ಎರಡೂ ಅಂಗೈಯಿಂದ ಒಂದು ನಿಮಿಷ ಗುಂಡಗೆ ಕಲಸಲಿ.

ಪ್ಲಾಸ್ಟಿಕ್ ಎಲೆಗಳನ್ನೇ ತನ್ನಿ. ಕಾಗದದ್ದಾದರೆ ಎರಡನೇ ಸುತ್ತಿನ ಹೊತ್ತಿಗೆ ಯಾವುದೋ ಎಕ್ಕದ ಮೂಲೆ ಮಡಚಿರುತ್ತದೆ, ಅಥವಾ ಚಕ್ಕುಲಿಯ ಎಣ್ಣೆ ಅಂಟಿರುತ್ತದೆ. ಆಮೇಲೆ ಅದು ಯಾರ ಕೈಗೆ ಹೋಯಿತೆಂದು ಇಬ್ಬರಿಗೂ ಗೊತ್ತು. ಪ್ಲಾಸ್ಟಿಕ್ಕನ್ನು ಒದ್ದೆ ಬಟ್ಟೆಯಲ್ಲಿ ಒರೆಸಬಹುದು.

ಹಂಚುವಾಗ ಯಾರ ಎಲೆ ಕಂಡರೂ ಇಡೀ ಕೈ ರದ್ದು, ಬ್ಲೈಂಡ್ ವಾಪಸ್, ಅದೇ ಬಟನ್ನಿನಿಂದ ಮತ್ತೆ ಹಂಚಿ. ದೊಡ್ಡ ಟೂರ್ನಿಗಳಲ್ಲಿ ಇದಕ್ಕಿಂತ ಸೂಕ್ಷ್ಮ ನಿಯಮವಿದೆ, ಮನೆಗೆ ಇಷ್ಟು ಸಾಕು. ಬೆಟ್ಟಿಂಗ್ ಮುಗಿಯುವ ಮುಂಚೆ ಫ್ಲಾಪ್ ಬಿಚ್ಚಿದರೆ, ಬರ್ನ್ ಮಾಡಿದ (ಫ್ಲಾಪಿಗೆ ಮುಂಚೆ ಮುಖ ಕೆಳಗೆ ಮಾಡಿ ಪಕ್ಕಕ್ಕಿಟ್ಟ) ಎಲೆ ಅಲ್ಲೇ ಇರಲಿ. ಆ ಮೂರು ಎಲೆಯನ್ನು ಉಳಿದ ಪ್ಯಾಕಿಗೆ ಸೇರಿಸಿ ಕಲಸಿ, ಬೆಟ್ಟಿಂಗ್ ಮುಗಿದ ಮೇಲೆ ಮತ್ತೊಮ್ಮೆ ಬರ್ನ್ ಮಾಡದೆ ಹೊಸ ಫ್ಲಾಪ್ ಹಾಕಿ. "ಅದೇ ಇರಲಿ ಬಿಡಿ" ಅಂತ ಯಾರು ಹೇಳಿದರೂ ಒಪ್ಪಬೇಡಿ. ಹಾಗೆ ಹೇಳುವವರಿಗೆ ಆ ಫ್ಲಾಪ್ ಹೊಂದಿಕೊಂಡಿರುತ್ತದೆ!

ಬೆಟ್ಟಿಂಗಿಗೆ ಮೂರು ನಿಯಮ ಗೋಡೆಯ ಮೇಲಿರಲಿ. ಬಾಯಲ್ಲಿ ಹೇಳಿದ್ದೇ ಅಂತಿಮ. "ರೇಸ್" ಎನ್ನದೆ ಒಂದೇ ದೊಡ್ಡ ಚಿಪ್ ಮುಂದಿಟ್ಟರೆ ಅದು ಕಾಲ್ ಮಾತ್ರ: ಎದುರಾಳಿ 200 ಹಾಕಿದಾಗ ಮಾತಿಲ್ಲದೆ 500ರ ಚಿಪ್ ಇಟ್ಟರೆ 300 ವಾಪಸ್. ಮತ್ತು ಚಿಪ್ಸನ್ನು ಎರಡು ಕಂತಿನಲ್ಲಿ ಇಡುವಂತಿಲ್ಲ, ಮೊದಲ ಕಂತು ಇಟ್ಟು ಎದುರಿನವರ ಮುಖ ನೋಡಿ ಎರಡನೆಯದಕ್ಕೆ ಕೈ ಹಾಕುವವರು ಎಲ್ಲ ಊರಲ್ಲೂ ಇದ್ದಾರೆ.

ಪ್ರಶ್ನೆ: ಆಲ್-ಇನ್ ಆದಾಗ ಇಬ್ಬರ ಚಿಪ್ಸ್ ಸಮ ಇಲ್ಲದಿದ್ದರೆ ಸೈಡ್ ಪಾಟ್ ಮಾಡಬೇಕೇ?
— ದಾವಣಗೆರೆ

ಪಾಟ್ ಅಂದರೆ ನಡುವೆ ಸೇರುವ ಪಣ, ಸೈಡ್ ಪಾಟ್ ಅಂದರೆ ಹೆಚ್ಚು ಚಿಪ್ಸ್ ಇರುವವರ ನಡುವೆ ಮಾತ್ರ ನಡೆಯುವ ಬೇರೆ ಪಣ. ಇಬ್ಬರೇ ಇರುವಾಗ ಸೈಡ್ ಪಾಟ್ ಅನ್ನುವುದೇ ಇಲ್ಲ. ಕಡಿಮೆ ಇರುವವರಷ್ಟೇ ಇಬ್ಬರೂ ಕಟ್ಟಿದ ಲೆಕ್ಕ, ಮಿಕ್ಕಿದ್ದು ವಾಪಸ್. ಒಬ್ಬರ ಹತ್ತಿರ 4,150, ಇನ್ನೊಬ್ಬರ ಹತ್ತಿರ 1,850 ಇದ್ದರೆ ಪಣಕ್ಕಿರುವುದು ತಲಾ 1,850. ಕಡಿಮೆಯವರು ಸೋತರೆ ಪಂದ್ಯ ಮುಗಿಯಿತು. ಗೆದ್ದರೆ ಅವರದು 3,700, ಎದುರಿನವರದು 2,300, ಆಟ ಮುಂದುವರಿಯುತ್ತದೆ. ಎಲೆ ಬಿಚ್ಚುವ ಮುಂಚೆಯೇ ಎಣಿಸಿ. ಇಬ್ಬರೂ ಗುಡ್ಡೆಗಳನ್ನು ನಡುವೆ ತಳ್ಳಿ ಬೆರೆಸಿದ ಮೇಲೆ ಯಾರದ್ದೆಷ್ಟು ಎಂದು ಹೇಳಲು ಬ್ರಹ್ಮನಿಂದಲೂ ಆಗದು. ಆಲ್-ಇನ್ ಆಗಿ ಕಾಲ್ ಆದ ಕೂಡಲೇ ಇಬ್ಬರೂ ಎಲೆ ಮುಖ ಮೇಲೆ ಮಾಡಬೇಕು. ಪಾಟ್ ಸಮಪಾಲಾಗಿ ಒಂದು ಚಿಪ್ ಉಳಿದರೆ ಅದು ಬಟನ್ ಇಲ್ಲದವರಿಗೆ.

ಪ್ರಶ್ನೆ: ಒಂದೇ ಪಂದ್ಯದಲ್ಲಿ ಅದೃಷ್ಟದ್ದೇ ಮೇಲುಗೈ. ಪ್ರತಿ ಸುತ್ತೂ ಮೂರರಲ್ಲಿ ಎರಡು ಗೆದ್ದವರಿಗೆ ಎಂದು ಇಟ್ಟರೆ ಹೇಗೆ?
— ಬೆಳಗಾವಿ

ಲೆಕ್ಕ ಹಾಕಿ ನೋಡಿ. ನೂರಕ್ಕೆ 60 ಪಂದ್ಯ ಗೆಲ್ಲುವಷ್ಟು ಚೆನ್ನಾಗಿ ಆಡುವವರು ಮೂರರಲ್ಲಿ ಎರಡು ಗೆಲ್ಲುವ ಸಾಧ್ಯತೆ ನೂರಕ್ಕೆ ಸುಮಾರು 65. ಬರೀ ಐದು ಹೆಚ್ಚಾಯಿತು, ಆಡಬೇಕಾದ ಪಂದ್ಯ ಮಾತ್ರ ಸರಾಸರಿ ಎರಡೂವರೆ ಪಟ್ಟು. ಲಾಭದ ವ್ಯಾಪಾರವಲ್ಲ. ಅಮೆರಿಕದ ಎನ್‌ಬಿಸಿ ವಾಹಿನಿ 2005ರಲ್ಲಿ ಶುರುಮಾಡಿದ ರಾಷ್ಟ್ರೀಯ ಹೆಡ್ಸ್-ಅಪ್ ಚಾಂಪಿಯನ್‌ಶಿಪ್‌ನಲ್ಲಿ 64 ಆಟಗಾರರಿಗೆ ನಾಕೌಟ್ ಇತ್ತು, ಮೂರರಲ್ಲಿ ಎರಡು ಎನ್ನುವುದು ಫೈನಲ್ಲಿಗೆ ಮಾತ್ರ. ನೀವೂ ಹಾಗೇ ಮಾಡಿ.

ಅದೃಷ್ಟವನ್ನು ಒಂದು ರಾತ್ರಿಯಲ್ಲಿ ತೊಳೆದುಹಾಕಲು ಆಗದು. ಒಬ್ಬರಿಗೆ ಜೋಡಿ ಎಕ್ಕ, ಇನ್ನೊಬ್ಬರಿಗೆ ಜೋಡಿ ರಾಜ ಬಂದು ಆಲ್-ಇನ್ ಆದರೂ ಐದಾರು ಸಲಕ್ಕೊಮ್ಮೆ ರಾಜರೇ ಗೆಲ್ಲುತ್ತಾರೆ. 2017ರಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಲಿಬ್ರಾಟಸ್ ಕಂಪ್ಯೂಟರ್ ಪ್ರೋಗ್ರಾಮ್ ನಾಲ್ವರು ವೃತ್ತಿಪರರ ವಿರುದ್ಧ ಹೆಡ್ಸ್-ಅಪ್ ಆಡಿದಾಗ ಯಾರು ಮೇಲು ಎಂದು ತೀರ್ಮಾನಿಸಲು 1,20,000 ಕೈ ಆಡಿಸಿದರು. ಅದೃಷ್ಟ ಕಳೆಯಲೆಂದೇ ಒಂದು ಕಡೆ ಮನುಷ್ಯನಿಗೆ ಬಂದ ಎಲೆ ಇನ್ನೊಂದು ಕಡೆ ಯಂತ್ರಕ್ಕೆ ಬರುವಂತೆ ಹಂಚಿದ್ದರು. ಜಾಣತನಕ್ಕೆ ಇನ್ನಷ್ಟು ಜಾಗ ಬೇಕೆಂದರೆ ಮೆಟ್ಟಿಲನ್ನು 8ರ ಬದಲು 10 ನಿಮಿಷ ಮಾಡಿ.

ಪ್ರಶ್ನೆ: ತಲೆಗೆ 500 ರೂಪಾಯಿ ಹಾಕಿ ಗೆದ್ದವರಿಗೆ ಕೊಡಬಹುದೇ?
— ತುಮಕೂರು

ಬೇಡ ಎನ್ನುವುದೇ ನಮ್ಮ ಉತ್ತರ. ಪೋಕರ್ ಕೌಶಲದ ಆಟವೋ ಜೂಜೋ ಎನ್ನುವ ವಾದ ಕೋರ್ಟುಗಳಲ್ಲಿ ಬಹಳ ಸಲ ನಡೆದಿದೆ. ಪಣ ಕಟ್ಟಿ ಆಡುವ ಕೌಶಲದ ಆಟಗಳನ್ನೂ ನಿಷೇಧಿಸಲು 1963ರ ಕರ್ನಾಟಕ ಪೊಲೀಸ್ ಕಾಯ್ದೆಗೆ 2021ರಲ್ಲಿ ತಂದ ತಿದ್ದುಪಡಿಯ ಮುಖ್ಯ ಭಾಗಗಳನ್ನು ನಮ್ಮ ಹೈಕೋರ್ಟ್ 2022ರ ಫೆಬ್ರವರಿ 14ರಂದು ರದ್ದು ಮಾಡಿತು. 2025ರ ಕೇಂದ್ರ ಕಾಯ್ದೆ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಕೌಶಲದ್ದಾದರೂ ಸರಿ, ಅದೃಷ್ಟದ್ದಾದರೂ ಸರಿ ಎಂದು ನಿಷೇಧಿಸಿತು. ಇದರ ನಡುವೆ ನಿಮ್ಮ ವರಾಂಡವನ್ನು ತಂದು ನಿಲ್ಲಿಸುವ ಅಗತ್ಯವಿಲ್ಲ. ಮುಖ್ಯವಾಗಿ ಮನೆಯವರು ಆಟದಿಂದ ಪಾಲು ತೆಗೆದುಕೊಳ್ಳಬಾರದು, "ಟೇಬಲ್ ಬಾಡಿಗೆ" ಅಂತಲೂ. ಊಟದ ಖರ್ಚನ್ನು ಗೆದ್ದವರು ಸೋತವರು ನೋಡದೆ ಸಮನಾಗಿ ಹಂಚಿಕೊಳ್ಳಿ. ಬಹುಮಾನಕ್ಕೆ ಒಂದು ಕಪ್ ಇಟ್ಟು ಪ್ರತಿ ವರ್ಷ ಹೆಸರು ಕೆತ್ತಿಸಿ. ಬೇರೆ ರಾಜ್ಯಗಳಲ್ಲಿ ನಿಯಮ ಬೇರೆ, ತೆಲಂಗಾಣದಲ್ಲಂತೂ ಇನ್ನೂ ಬಿಗಿ.

ಪ್ರಶ್ನೆ: ಪೋಕರ್ ಟೇಬಲ್ ಇಲ್ಲ. ಊಟದ ಟೇಬಲ್ ಮೇಲೆ ಎಲೆ ಜಾರುತ್ತದೆ, ಎತ್ತಲು ಬರುವುದಿಲ್ಲ. ಹೋದ ವರ್ಷ ನಡುವೆ ಕರೆಂಟ್ ಹೋಗಿ ಗಲಾಟೆಯೂ ಆಯಿತು.
— ಹಾಸನ

ಇಬ್ಬರಿಗೆ ಮೂರು ಅಡಿ ಉದ್ದ, ಎರಡು ಅಡಿ ಅಗಲದ ಜಾಗ ಸಾಕು. ಯೋಗ ಮ್ಯಾಟ್ ಹಾಸಿ, ಅದರ ಮೇಲೆ ಹತ್ತಿಯ ಬೆಡ್‌ಶೀಟ್ ಬಿಗಿಯಾಗಿ ಎಳೆದು ಟೇಬಲ್ ಕೆಳಗೆ ಕ್ಲಿಪ್ ಹಾಕಿ. ಮೆತ್ತಗಿರುವುದರಿಂದ ಬೆರಳು ಎಲೆಯ ಕೆಳಗೆ ಹೋಗುತ್ತದೆ, ಮ್ಯಾಟ್ ಅಂಟುವುದರಿಂದ ಬಟ್ಟೆ ಸರಿಯುವುದಿಲ್ಲ. ಬರೀ ಮ್ಯಾಟ್ ಮೇಲೆ ಎಲೆ ಜಾರುವುದೇ ಇಲ್ಲ, ಹಂಚಲು ಕಷ್ಟ. ಕೇರಂ ಬೋರ್ಡನ್ನು ಟೇಬಲ್ ಮಾಡುವವರು ಪೌಡರ್ ಪೂರ್ತಿ ಒರೆಸಿರಬೇಕು. ಕಾಫಿ ಲೋಟಕ್ಕೆ ಪಕ್ಕದಲ್ಲಿ ಬೇರೆ ಸ್ಟೂಲ್. ಟ್ಯೂಬ್‌ಲೈಟ್ ಯಾರ ಬೆನ್ನ ಹಿಂದೆಯೂ ಇರದಂತೆ ಕುರ್ಚಿ ಹಾಕಿ, ಇಲ್ಲದಿದ್ದರೆ ಎಲೆ ಎತ್ತಿದಾಗ ಕನ್ನಡಕದಲ್ಲಿ ಕಾಣುತ್ತದೆ.

ಎಲ್ಲ ಟೇಬಲ್ಲಿಗೂ ಒಂದೇ ಗಡಿಯಾರ ಇರಲಿ, ಒಂದು ಫೋನಿನ ಟೈಮರ್ ಸ್ಪೀಕರಿಗೆ ಹಾಕಿದರೆ ಸಾಕು. ಗಂಟೆ ಬಾರಿಸಿದಾಗ ನಡೆಯುತ್ತಿರುವ ಕೈ ಹಳೇ ಬ್ಲೈಂಡಿನಲ್ಲೇ ಮುಗಿಯಲಿ, ಮುಂದಿನದಕ್ಕೆ ಹೊಸದು.

ಕರೆಂಟ್ ಹೋದರೆ ಟೈಮರ್ ನಿಲ್ಲಿಸಿ. ಇಬ್ಬರೂ ತಮ್ಮ ಎಲೆಯ ಮೇಲೆ ಒಂದು ಚಿಪ್ ಇಟ್ಟು, ಕೈಗಳನ್ನು ಟೇಬಲ್ಲಿನಿಂದ ತೆಗೆಯಲಿ. ಬೆಳಕು ಬಂದ ಮೇಲೆ ಮೊದಲು ಇಬ್ಬರ ಚಿಪ್ಸ್ ಮತ್ತು ಪಾಟ್ ಎಣಿಸಿ. 6,000 ಬಂದರೆ ಅದೇ ಕೈ ಮುಂದುವರಿಸಿ. ಬಾರದಿದ್ದರೆ ಟೇಬಲ್ ಕೆಳಗೆ ಹುಡುಕಿ.